ಮಿಲಿಟರಿ ತಾತನ ಬಗ್ಗೆ ಏನು ಬರೆಯೋದು?

ಓದುಗರ ಪ್ರಶ್ನೆ, ಮಾಜಿ ಹವಾಲ್ದಾರನ ಉತ್ತರ

ಈ ಸಲ ಪಿಂಚಣಿ, ಕ್ಯಾಂಟೀನ್ ಕಾರ್ಡಿನ ಪ್ರಶ್ನೆಗಳಿಗಿಂತ ಮನೆಯ ಹಿರಿಯರ ಬಗ್ಗೆ ಬಂದ ಪತ್ರಗಳೇ ಜಾಸ್ತಿ. ಹಾಗಾಗಿ ಪಿಂಚಣಿಯದ್ದು ಒಂದನ್ನು ಬಿಟ್ಟು ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಸೈನ್ಯದಲ್ಲಿ ಬಂದೂಕಿಗಿಂತ ಟೈಪ್‌ರೈಟರ್ ಮುಂದೆ ಕೂತಿದ್ದೇ ಹೆಚ್ಚು. ಹವಾಲ್ದಾರ್ ಕ್ಲರ್ಕ್. ಈಗ ಹಾಸನದಲ್ಲಿ ಮನೆ. ಏನು ಕೇಳಿದರೂ ಮೊದಲು ‘ಕಾಗದ ಎಲ್ಲಿ’ ಅಂತ ಕೇಳೋದು ಹಳೇ ಚಾಳಿ, ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಾತ ಕಳೆದ ವರ್ಷ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಸೈನ್ಯಕ್ಕೆ ಸಾಮಾನು ಸಾಗಿಸೋ ಆರ್ಮಿ ಸರ್ವಿಸ್ ಕೋರ್‌ನ ಡ್ರೈವರ್ ಆಗಿದ್ದರು. ಬಂದ ಮೇಲೆ ಕಾಫಿ ಎಸ್ಟೇಟಿನ ಲಾರಿ ಓಡಿಸಿದರು. ಆಮೇಲೆ ಸ್ವಂತ ಎರಡು ಎಕರೆ ತೋಟ ಮಾಡಿದರು. ಆರು ಮಕ್ಕಳು, ಹದಿನಾಲ್ಕು ಮೊಮ್ಮಕ್ಕಳು. ವರ್ಷದ ತಿಥಿಗೆ ಬಂದವರಿಗೆ ಹಂಚಲು ಒಂದು ಪುಟ್ಟ ಪುಸ್ತಕ ಮಾಡಬೇಕು ಅಂತ ಮನೆಯವರ ಆಸೆ. ಬರೆಯೋ ಕೆಲಸ ನನ್ನ ತಲೆಗೆ ಬಂದಿದೆ. ಮುಖಪುಟದಲ್ಲಿ ‘ಚೀನಾ ಯುದ್ಧದ ವೀರಯೋಧ’ ಅಂತ ಹಾಕಬೇಕು ಅನ್ನುತ್ತಾರೆ ದೊಡ್ಡಪ್ಪ. ಆದರೆ ತಾತನನ್ನು ಕೇಳಿದಾಗಲೆಲ್ಲ ‘ನಾನೇನ್ ಮಾಡ್ದೆ, ಲಾರಿ ಓಡಿಸ್ದೆ ಅಷ್ಟೆ’ ಅನ್ನುತ್ತಿದ್ದರು. ಏನು ಬರೆಯಲಿ?
– ಮೊಮ್ಮಗಳು, ಸಕಲೇಶಪುರ ತಾಲ್ಲೂಕು

ಉತ್ತರ: ತಾತ ಹೇಳಿದ್ದನ್ನೇ ಬರಿ, ತಾಯಿ. ಲಾರಿ ಓಡಿಸಿದರು ಅಂತಲೇ ಬರಿ. ಆದರೆ ಅಲ್ಲಿಗೆ ನಿಲ್ಲಿಸಬೇಡ. ಯಾವ ಲಾರಿ, ಯಾವ ರಸ್ತೆ, ಹಿಂದೆ ಏನು ಲೋಡು ಇತ್ತು ಅನ್ನೋದು ಬರಬೇಕು.

1962ರಲ್ಲಿ ತಾತ ನೇಫಾ ಕಡೆ ಇದ್ದಿದ್ದೇ ಆದರೆ ಆ ರಸ್ತೆಯ ಬಗ್ಗೆಯೇ ಎರಡು ಪುಟ ಬರೆಯಬಹುದು. ಈಗಿನ ಅರುಣಾಚಲ ಪ್ರದೇಶಕ್ಕೆ ಆಗ ನೇಫಾ ಅಂತ ಹೆಸರು. ಅಸ್ಸಾಮಿನ ಬಯಲಲ್ಲಿ ಮಿಸಾಮಾರಿ ಅಂತ ಊರು. ಅಲ್ಲಿಂದ ಬೊಮ್ಡಿಲಾ, ದಿರಾಂಗ್ ದಾಟಿ, ಸೇಲಾ ಪಾಸ್ ಹತ್ತಿ ಇಳಿದರೆ ತವಾಂಗ್. ಸೇಲಾ ಸುಮಾರು 13,700 ಅಡಿ ಎತ್ತರ. ನಮ್ಮ ಎರಡು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಇಟ್ಟರೂ ಅಲ್ಲಿಗೆ ಮುಟ್ಟಲ್ಲ. ಬಾರ್ಡರ್ ರೋಡ್ಸ್ ಸಂಸ್ಥೆ ಶುರುವಾಗಿದ್ದೇ 1960ರಲ್ಲಿ. ಅಂದರೆ ಯುದ್ಧದ ಹೊತ್ತಿಗೆ ಆ ರಸ್ತೆ ಇನ್ನೂ ಹಸಿ ಹಸಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪಾತಾಳ. ಮಳೆ ಬಂದರೆ ಗುಡ್ಡವೇ ರಸ್ತೆಗೆ ಬರುತ್ತಿತ್ತು. ಅಕ್ಟೋಬರ್ 20ಕ್ಕೆ ಚೀನಾದವರು ನುಗ್ಗಿದರು. ನವೆಂಬರ್ 21ಕ್ಕೆ ಅವರೇ ಕದನವಿರಾಮ ಸಾರಿದರು. ಆ ಒಂದು ತಿಂಗಳು ಮೇಲಿದ್ದವರಿಗೆ ಅಕ್ಕಿ, ಗುಂಡು, ಕಂಬಳಿ ಎಲ್ಲ ಡ್ರೈವರುಗಳ ಕೈಯಲ್ಲೇ ಹೋಗಬೇಕಿತ್ತು. ರಸ್ತೆ ಮುಗಿದಲ್ಲಿಂದ ಮುಂದೆ ಹೇಸರಗತ್ತೆ, ಇಲ್ಲ ಕೂಲಿಯವರ ಬೆನ್ನು, ಇಲ್ಲ ವಿಮಾನದಿಂದ ಬೀಳಿಸೋದು. ಕೆಳಗೆ ಬರುವಾಗ ಅದೇ ಲಾರಿಯಲ್ಲಿ ಗಾಯಾಳುಗಳು. ‘ಲಾರಿ ಓಡಿಸ್ದೆ ಅಷ್ಟೆ’ ಅನ್ನೋ ಮಾತಿನ ಒಳಗೆ ಇಷ್ಟೆಲ್ಲ ಇರಬಹುದು.

ಇರಬಹುದು ಅಂದೆ, ನೋಡು. ಯಾಕೆಂದರೆ 1962ರಲ್ಲಿ ಸೈನ್ಯದಲ್ಲಿದ್ದವರೆಲ್ಲ ಚೀನಾ ಗಡಿಯಲ್ಲಿ ಇರಲಿಲ್ಲ. ಆಗ ನಮ್ಮ ಸೈನ್ಯದ ದೊಡ್ಡ ಪಾಲು ಪಾಕಿಸ್ತಾನದ ಗಡಿ ಕಡೆಗೇ ಇತ್ತು. ಆದ್ದರಿಂದ ದೊಡ್ಡಪ್ಪನ ಮಾತನ್ನು ಅಚ್ಚು ಹಾಕಿಸೋ ಮೊದಲು ತಾತನ ಟ್ರಂಕು ತೆಗಿ. ಕಪ್ಪು ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು ಇರುತ್ತಲ್ಲ, ಅದೇ. ಒಳಗೆ ಡಿಸ್ಚಾರ್ಜ್ ಬುಕ್ ಸಿಗುತ್ತದೆ. ಸೇರಿದ ದಿನ, ಬಿಟ್ಟ ದಿನ, ಟ್ರೇಡು, ರ‍್ಯಾಂಕು, ಪದಕಗಳು, ನಡತೆ ಹೇಗಿತ್ತು ಅನ್ನೋದು, ಎಲ್ಲ ಅದರಲ್ಲಿ ಇರುತ್ತದೆ. ಸೇರಿದಾಗಿನ ಎತ್ತರ, ಮೈಮೇಲಿನ ಗುರುತು ಕೂಡ ಬರೆದಿರುತ್ತಾರೆ. ಎಡಗೆನ್ನೆ ಮೇಲೆ ಮಚ್ಚೆ, ಬಲ ಮೊಣಕೈ ಹತ್ತಿರ ಗಾಯದ ಕಲೆ, ಹೀಗೆ. ಆ ಕಲೆ ಹೇಗಾಯ್ತು ಅಂತ ಅಜ್ಜಿಗೆ ಗೊತ್ತಿದ್ದರೆ ನಿನಗೆ ಒಂದು ಅಧ್ಯಾಯ ಸಿಕ್ಕಿತು ಅಂತಲೇ ಲೆಕ್ಕ.

ಆಮೇಲೆ ಪದಕ ನೋಡು. 1962ರ ಯುದ್ಧಕ್ಕೆ ಅಂತ ಬೇರೆ ಸ್ಟಾರ್ ಪದಕ ಇಲ್ಲ. ಸೈನ್ಯ ಸೇವಾ ಪದಕ ಇದ್ದರೆ ಅದರ ರಿಬ್ಬನ್ನಿನ ಮೇಲೆ ಪುಟ್ಟ ಲೋಹದ ಪಟ್ಟಿ ಇದೆಯಾ ನೋಡು. ನೇಫಾ, ಹಿಮಾಲಯ, ಜಮ್ಮು–ಕಾಶ್ಮೀರ, ಹೀಗೆ ಸೇವೆ ಮಾಡಿದ ಜಾಗದ ಹೆಸರು ಇರುತ್ತದೆ. ಸಮರ ಸೇವಾ ಸ್ಟಾರ್ ಇದ್ದರೆ 1965ರ ಯುದ್ಧದ ಜಾಗದಲ್ಲಿ ಇದ್ದರು ಅಂತ. ರಕ್ಷಾ ಪದಕ ಒಂದೇ ಇದ್ದರೆ ಆ ವರ್ಷ ಸೇವೆಯಲ್ಲಿದ್ದರು ಅಂತಷ್ಟೆ. 1971ಕ್ಕೂ ಹಾಗೇ. ಪೂರ್ವಿ ಸ್ಟಾರ್ ಪೂರ್ವಕ್ಕೆ, ಪಶ್ಚಿಮಿ ಸ್ಟಾರ್ ಪಶ್ಚಿಮಕ್ಕೆ, ಸಂಗ್ರಾಮ ಪದಕ ಎಲ್ಲರಿಗೂ. ತಾತ ಬಾಯಿ ಬಿಟ್ಟು ಹೇಳದೆ ಹೋದದ್ದನ್ನು ಈ ಪದಕಗಳೇ ಹೇಳುತ್ತವೆ.

ಇನ್ನು ದೊಡ್ಡಪ್ಪನ ಮುಖಪುಟ. ‘ವೀರಯೋಧ’ ಬೇಡ ಅಂತ ಜಗಳಕ್ಕೆ ಹೋಗಬೇಡ. ತಾತನ ಸೈನ್ಯದ ನಂಬರು, ರ‍್ಯಾಂಕು, ಹೆಸರು, ಕೋರ್, ಕೆಳಗೆ ಹುಟ್ಟಿದ ವರ್ಷ, ಹೋದ ವರ್ಷ. ಇಷ್ಟು ಹಾಕಿ ಪ್ರೂಫ್ ತೋರಿಸು. ಅದಕ್ಕೊಂದು ಗತ್ತು ಬೇರೆಯೇ ಇರುತ್ತದೆ. ದೊಡ್ಡಪ್ಪ ಒಪ್ಪುತ್ತಾರೆ.

ಇಲ್ಲಿಗೆ ಪುಸ್ತಕದ ಕಾಲು ಭಾಗ ಆಯ್ತು. ಮುಕ್ಕಾಲು ಇನ್ನೂ ಇದೆ. ತಾತ ಸೈನ್ಯದಲ್ಲಿ ಇದ್ದದ್ದು ಹೆಚ್ಚೆಂದರೆ ಹದಿನೈದೋ ಇಪ್ಪತ್ತೋ ವರ್ಷ. ಊರಿಗೆ ಬಂದ ಮೇಲೆ ಬದುಕಿದ್ದು ಐವತ್ತು ವರ್ಷಕ್ಕೂ ಮೇಲೆ. ಮಿಲಿಟರಿಯವರ ನೆನಪಿನ ಪುಸ್ತಕಗಳಲ್ಲಿ ನಾನು ನೋಡಿದ ದೊಡ್ಡ ಕೊರತೆ ಇದು. ಡಿಸ್ಚಾರ್ಜ್ ಆದ ದಿನಕ್ಕೆ ಮನುಷ್ಯನ ಕಥೆ ನಿಂತುಬಿಡುತ್ತದೆ. ಮುಂದಿನ ಪುಟದಲ್ಲಿ ಸೀದಾ ತೀರಿಕೊಂಡ ಸುದ್ದಿ. ನಡುವೆ ಆರು ಮಕ್ಕಳನ್ನು ಓದಿಸಿದ್ದು ಯಾರು?

ಎಸ್ಟೇಟಿನ ಲಾರಿಯ ಕಾಲವನ್ನು ಚೆನ್ನಾಗಿ ಹಿಡಿ. ಆಗ ಬೆಳೆಗಾರ ತನ್ನ ಕಾಫಿಯನ್ನು ತನಗೆ ಇಷ್ಟ ಬಂದವರಿಗೆ ಮಾರೋ ಹಾಗಿರಲಿಲ್ಲ. ಎಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕು. ದುಡ್ಡು ಕಂತು ಕಂತಾಗಿ ಬರೋದು. ಆ ಪದ್ಧತಿ ಪೂರ್ತಿ ಹೋಗಿದ್ದು 1996ರಲ್ಲಿ. ಸುಗ್ಗಿಯಲ್ಲಿ ಚೀಲ ತುಂಬಿದ ಲಾರಿ ಕಾಫಿ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸ್ ಮುಂದೆ ಸಾಲಿನಲ್ಲಿ ನಿಲ್ಲುತ್ತಿತ್ತು. ರಾತ್ರಿ ಡ್ರೈವರ್ ಅಲ್ಲೇ ಮಲಗೋದು. ತಾತನ ಜೊತೆ ಕ್ಲೀನರ್ ಆಗಿದ್ದವರು ಯಾರಾದರೂ ಇದ್ದಾರಾ? ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಇದ್ದಾರಾ? ಮಕ್ಕಳಿಗಿಂತ ಅವರ ಹತ್ತಿರ ಜಾಸ್ತಿ ಸಿಗುತ್ತದೆ.

ನಮ್ಮ ಮಾವನವರೂ, ಅಂದರೆ ನನ್ನ ಹೆಂಡತಿಯ ತಂದೆ, ಇದೇ ಕೋರ್‌ನ ಡ್ರೈವರ್. ಸೈನ್ಯದಲ್ಲಿ ಬೆಳಗ್ಗೆ ಗಾಡಿ ತೆಗೆಯೋ ಮೊದಲು ತಪಾಸಣೆ ಮಾಡೋದಕ್ಕೆ ಫಸ್ಟ್ ಪೆರೇಡ್ ಅನ್ನುತ್ತಾರೆ. ನೀರು, ಆಯಿಲ್, ಗಾಳಿ, ಬ್ಯಾಟರಿ. ಮಾವ ಅದನ್ನು ಸಾಯೋವರೆಗೂ ಬಿಡಲಿಲ್ಲ. ಮನೆಯಲ್ಲಿ ಗಾಡಿ ಇಲ್ಲದ ಕಾಲದಲ್ಲಿ ಪಕ್ಕದ ಮನೆಯವರ ಸ್ಕೂಟರಿಗೆ ಫಸ್ಟ್ ಪೆರೇಡ್ ಮಾಡೋರು. ಹೆಬ್ಬೆರಳಲ್ಲಿ ಟೈರ್ ಒತ್ತೋದು, ಬಗ್ಗಿ ಕೆಳಗೆ ಎಣ್ಣೆ ಸೋರಿದೆಯಾ ನೋಡೋದು, ಟವೆಲ್ ತುದಿಯಲ್ಲಿ ಕನ್ನಡಿ ಒರೆಸೋದು. ಆ ಮನೆಯ ಮೇಷ್ಟ್ರು ಲುಂಗಿ ಎತ್ತಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿರೋರು, ‘ಹೋಗಬಹುದಾ ಸಾರ್’ ಅಂತ. ಮಾವ ಎರಡು ಸಲ ಟೈರ್ ತಟ್ಟಿದರೆ ಹೋಗಬಹುದು ಅಂತ ಅರ್ಥ. ನಿಮ್ಮ ತಾತನಿಗೂ ಇಂಥದ್ದೊಂದು ಇದ್ದೇ ಇರುತ್ತದೆ. ಹದಿನಾಲ್ಕು ಮೊಮ್ಮಕ್ಕಳಿಗೂ ಕೇಳು. ಆರು ಜನ ಒಂದೇ ವಿಷಯ ಹೇಳಿದರೆ ಅದನ್ನು ಹಾಕು.

ಎಲ್ಲರಿಗಿಂತ ಮೊದಲು ಅಜ್ಜಿಯನ್ನು ಕೂರಿಸಿಕೊಂಡು ಮಾತಾಡು. ತಾತ ಅಸ್ಸಾಮಿನಲ್ಲೋ ಕಾಶ್ಮೀರದಲ್ಲೋ ಇದ್ದಾಗ ಇಲ್ಲಿ ಗದ್ದೆ ನಾಟಿ ಮಾಡಿಸಿದ್ದು ಯಾರು? ಮನಿಆರ್ಡರ್ ಎಷ್ಟು ಬರುತ್ತಿತ್ತು? ಮನಿಆರ್ಡರ್ ಕೂಪನ್ನಿನಲ್ಲಿ ಎರಡು ಸಾಲು ಬರೆಯೋಕೆ ಜಾಗ ಇರುತ್ತಿತ್ತು. ಆ ಎರಡು ಸಾಲು ಓದಿ ಹೇಳುತ್ತಿದ್ದದ್ದು ಯಾರು? ರಜಕ್ಕೆ ಬಂದಾಗ ಅರಸೀಕೆರೆಯಲ್ಲಿ ರೈಲು ಬದಲಾಯಿಸಿ ಬರೋರು. ಜೊತೆಗೆ ಏನು ತರೋರು? ಆ ಕಾಲದಲ್ಲಿ ಗಂಡ ಸೈನ್ಯದಲ್ಲಿದ್ದ ಹೆಂಗಸು ಮನೆಯ ಯಜಮಾನಿಕೆಯನ್ನೂ ಮಾಡುತ್ತಿದ್ದಳು. ಆದರೆ ತಿಥಿಯ ಪುಸ್ತಕದಲ್ಲಿ ಆಕೆ ‘ಧರ್ಮಪತ್ನಿ’ ಅನ್ನೋ ಒಂದೇ ಪದದಲ್ಲಿ ಮುಗಿದುಹೋಗುತ್ತಾಳೆ. ನೀನಾದರೂ ಹಾಗೆ ಮಾಡಬೇಡ.

ತಾತನಿಗೆ ಸಿಟ್ಟು ಇತ್ತಾ? ಬರಿ. ಊಟದ ಹೊತ್ತು ತಪ್ಪಿದರೆ ತಟ್ಟೆ ತಳ್ಳುತ್ತಿದ್ದರಾ? ಅದನ್ನೂ ಬರಿ. ‘ಅಜಾತಶತ್ರು, ಸರಳ ಸಜ್ಜನ, ಮೃದುಭಾಷಿ’ ಅಂತ ಬರೆದರೆ ಯಾರ ತಾತ ಬೇಕಾದರೂ ಆಗಬಹುದು. 32 ಪುಟ ಸಾಕು. ಮೊಮ್ಮಕ್ಕಳ ಕವನ ಒಂದಕ್ಕಿಂತ ಜಾಸ್ತಿ ಬೇಡ. ಹದಿನಾಲ್ಕು ಜನಕ್ಕೂ ಬರೆಯೋ ಆಸೆ ಇರುತ್ತದೆ, ಗಟ್ಟಿ ಮನಸ್ಸು ಮಾಡು.

ಪ್ರಶ್ನೆ: ನಮ್ಮ ತಂದೆ ಮಾಜಿ ಸೈನಿಕರು, ತೀರಿಕೊಂಡು ಹತ್ತು ವರ್ಷ ಆಯ್ತು. ಅಮ್ಮನಿಗೆ ಫ್ಯಾಮಿಲಿ ಪೆನ್ಶನ್ ಬರುತ್ತಿದೆ. ಈಗ 86 ವರ್ಷ. 80 ದಾಟಿದವರಿಗೆ ಜಾಸ್ತಿ ಕೊಡುತ್ತಾರೆ ಅನ್ನುತ್ತಾರೆ. ಅಮ್ಮನಿಗೆ ಏನೂ ಏರಿಲ್ಲ.
– ಮಗ, ಅರಸೀಕೆರೆ

ಉತ್ತರ: ಕೊಡುತ್ತಾರೆ. 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರು ತುಂಬಿದರೆ ಇನ್ನೊಂದು ಪಟ್ಟು. ಕುಟುಂಬ ಪಿಂಚಣಿಗೂ ಇದೇ ಲೆಕ್ಕ. ನಿಮ್ಮ ಅಮ್ಮನಿಗೆ ಶೇ 30 ಬರಬೇಕು.

ಬಂದಿಲ್ಲ ಅಂದರೆ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶದ ಕಾಗದ, ತೆಗೆದು ನೋಡಿ. ಹಳೇ ಪಿಪಿಒಗಳಲ್ಲಿ ಹೆಂಡತಿಯ ಹೆಸರು ಇರುತ್ತದೆ, ಹುಟ್ಟಿದ ತಾರೀಖು ಇರುವುದಿಲ್ಲ. ತಾರೀಖು ಇಲ್ಲದೆ ವಯಸ್ಸು ಲೆಕ್ಕಕ್ಕೆ ಬರಲ್ಲ. ಹೆಸರಿನದ್ದೂ ಒಂದು ಕಥೆ. ನಮ್ಮ ‘ಪುಟ್ಟಲಕ್ಷ್ಮಮ್ಮ’ನನ್ನು ಉತ್ತರದ ಗುಮಾಸ್ತ ಯಾವ ಸ್ಪೆಲಿಂಗಿನಲ್ಲಿ ಬರೆದಿದ್ದಾನೋ ದೇವರೇ ಬಲ್ಲ. ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ಪಿಪಿಒದಲ್ಲಿ ಒಂದು ಇದ್ದರೆ ಮೊದಲು ಅಫಿಡವಿಟ್ ಮಾಡಿಸಿ. ಆಮೇಲೆ ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರ ಜೆರಾಕ್ಸ್ ಹಿಡಿದು ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಸೈನಿಕರ ದಾಖಲೆ ಇಡೋ ರೆಕಾರ್ಡ್ ಆಫೀಸಿಗೆ ಹೇಗೆ ಬರೆಯಬೇಕು, ಸೈನ್ಯದ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ಹೇಗೆ ಅರ್ಜಿ ಹಾಕಬೇಕು ಅಂತ ಅಲ್ಲಿ ಹೇಳುತ್ತಾರೆ. ಹಿಂದಿನ ಬಾಕಿಯನ್ನೂ ಕೇಳಿ. ಬದುಕಿರುವ ದೃಢೀಕರಣವನ್ನು ವರ್ಷ ವರ್ಷ ತಪ್ಪದೆ ಕೊಡಿ. ಅದೊಂದು ತಪ್ಪಿದರೆ ಬರೋದೂ ನಿಲ್ಲುತ್ತದೆ.

ಪ್ರಶ್ನೆ: ಅಪ್ಪನ ಐದು ಪದಕ ಇವೆ. ನಾವು ಮೂರು ಜನ ಗಂಡುಮಕ್ಕಳು. ಹಂಚಿಕೊಳ್ಳೋಣ ಅಂತ ಒಬ್ಬ, ಯಾರೋ ಒಳ್ಳೇ ಬೆಲೆ ಕೊಡ್ತಾರೆ ಮಾರೋಣ ಅಂತ ಇನ್ನೊಬ್ಬ. ಏನು ಮಾಡೋದು?
– ಮೂಡಿಗೆರೆ

ಉತ್ತರ: ಎರಡೂ ಬೇಡ. ಐದೂ ಒಟ್ಟಿಗಿದ್ದರೇ ಅದು ಒಬ್ಬ ಮನುಷ್ಯನ ಸೇವೆ. ಬಿಡಿಯಾದರೆ ಬರೀ ಲೋಹ, ಹೆಚ್ಚಿನವು ಬೆಳ್ಳಿಯೂ ಅಲ್ಲ. ನಿಮ್ಮಲ್ಲಿ ಯಾರ ಮನೆ ಊರಲ್ಲಿದೆಯೋ ಅವರ ಹತ್ತಿರ ಇರಲಿ. ಉಳಿದಿಬ್ಬರು ಫೋಟೊ ಫ್ರೇಮ್ ಹಾಕಿಸಿಕೊಳ್ಳಿ. ಇನ್ನೊಂದು ಮುಖ್ಯ ಮಾತು: ಹುಣಸೆಹಣ್ಣು, ಬ್ರಾಸೋ ಹಾಕಿ ಉಜ್ಜಬೇಡಿ. ಪದಕದ ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿ. ಸ್ವಾತಂತ್ರ್ಯದ ನಂತರದ ಪದಕಗಳಲ್ಲಿ ಅಂಚಿನ ಸುತ್ತ ಸಣ್ಣಗೆ ನಂಬರು, ಹೆಸರು, ರೆಜಿಮೆಂಟು ಒತ್ತಿರುತ್ತಾರೆ. ಉಜ್ಜಿ ಉಜ್ಜಿ ಅದು ಹೋದರೆ ಆ ಪದಕ ನಿಮ್ಮ ಅಪ್ಪನದು ಅನ್ನೋಕೆ ಏನೂ ಉಳಿಯಲ್ಲ.

ಪ್ರಶ್ನೆ: ನಮ್ಮ ಮುತ್ತಜ್ಜ 1918ರಲ್ಲಿ ಹುಟ್ಟಿ 99 ವರ್ಷ ಬದುಕಿದರು. ಮೈಸೂರು ಮಹಾರಾಜರ ಸೈನ್ಯದಲ್ಲಿದ್ದರು. ಹೈಫಾ ಯುದ್ಧದಲ್ಲಿ ಕುದುರೆ ಮೇಲೆ ಹೋಗಿದ್ದರು ಅಂತ ಚಿಕ್ಕಪ್ಪ. ಸಿಂಗಪುರದಲ್ಲಿ ಸೆರೆಯಾಳು ಆಗಿದ್ದರು ಅಂತ ಅಪ್ಪ. ನೇತಾಜಿ ಸೈನ್ಯಕ್ಕೆ ಸೇರಿದ್ದರು ಅಂತ ಅತ್ತೆ. ಯಾವುದು ನಿಜ?
– ಚಿಕ್ಕಮಗಳೂರು

ಉತ್ತರ: ಚಿಕ್ಕಪ್ಪನನ್ನು ಮೊದಲು ಕೈಬಿಡೋಣ. ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಗಳು ಈಗಿನ ಇಸ್ರೇಲಿನಲ್ಲಿರುವ ಹೈಫಾ ಗೆದ್ದಿದ್ದು 1918ರ ಸೆಪ್ಟೆಂಬರ್ 23ರಂದು. ಆಗ ನಿಮ್ಮ ಮುತ್ತಜ್ಜ ತೊಟ್ಟಿಲಲ್ಲಿ ಇದ್ದಿರಬೇಕು, ಇಲ್ಲಾ ಇನ್ನೂ ಹುಟ್ಟೇ ಇರಲಿಲ್ಲ.

ಅಪ್ಪ ಹೇಳೋದು ಹೊಂದುತ್ತದೆ. ಎರಡನೇ ಮಹಾಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1942ರ ಫೆಬ್ರುವರಿ 15ಕ್ಕೆ ಬ್ರಿಟಿಷರು ಜಪಾನಿಯರಿಗೆ ಶರಣಾದರು. ಅಲ್ಲಿದ್ದ ನಮ್ಮವರೂ ಸೆರೆಯಾದರು. ಎರಡು ದಿನ ಬಿಟ್ಟು ಭಾರತೀಯ ಸೆರೆಯಾಳುಗಳನ್ನೆಲ್ಲ ಫೆರರ್ ಪಾರ್ಕ್ ಅನ್ನೋ ಮೈದಾನದಲ್ಲಿ ಸೇರಿಸಿ ಜಪಾನಿಯರ ವಶಕ್ಕೆ ಒಪ್ಪಿಸಿದರು. ಆಮೇಲೆ ಬಹಳ ಜನ ಆಜಾದ್ ಹಿಂದ್ ಫೌಜಿಗೆ ಹೋದರು. ಹೋಗದೆ ಉಳಿದವರೂ ಬಹಳ ಜನ. ಅವರಲ್ಲಿ ಎಷ್ಟೋ ಮಂದಿಯನ್ನು ನ್ಯೂಗಿನಿ ಕಡೆ ಕೂಲಿ ಕೆಲಸಕ್ಕೆ ಸಾಗಿಸಿದರು. ಹಾಗಾಗಿ ನಿಮ್ಮ ಅತ್ತೆಯದೂ ನಿಜ ಇರಬಹುದು. ಸೆರೆಯಾಳು ಆಗಿದ್ದವರೇ ತಾನೇ ಫೌಜಿಗೆ ಸೇರಿದ್ದು?

ಮನೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕಾಗದ ಇದೆಯಾ ಹುಡುಕಿ. 1972ರಿಂದ ಅದು ಶುರು. ಫೌಜಿನವರಿಗೂ ಕೊಟ್ಟಿದ್ದಾರೆ. ಇಲ್ಲದಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಫೌಜಿಗೆ ಸೇರಿದ ಕಡತಗಳಿವೆ. ರಾಜ್ಯದ ಪಡೆ ಭಾರತೀಯ ಸೈನ್ಯದಲ್ಲಿ ವಿಲೀನ ಆದಾಗ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿಗೆ ಹೋಯಿತು. ಅದರ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಅಲ್ಲಿನ ರೆಕಾರ್ಡ್ಸ್‌ಗೂ ಒಂದು ಪತ್ರ ಹಾಕಿ. ಕಾಗದ ಸಿಗೋವರೆಗೆ ‘ಸಿಂಗಪುರದಲ್ಲಿ ಸೆರೆಯಾಗಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ’ ಅಂತ ಬರೆಯಿರಿ. ಫೌಜಿಗೆ ಹೋಗಿದ್ದರೆ ಹೆಮ್ಮೆ, ಹೋಗದಿದ್ದರೆ ಅವಮಾನ ಅಂತೇನಿಲ್ಲ. ಇಪ್ಪತ್ನಾಲ್ಕು ವರ್ಷದ ಹುಡುಗ ಸಮುದ್ರದಾಚೆ ಮೂರೂವರೆ ವರ್ಷ ಸೆರೆ ಅನುಭವಿಸಿ, ಜೀವ ಉಳಿಸಿಕೊಂಡು ಬಂದು, ಊರಲ್ಲಿ ತೊಂಬತ್ತೊಂಬತ್ತಕ್ಕೆ ಕಣ್ಣು ಮುಚ್ಚಿದ್ದಾನೆ. ಅದಕ್ಕೆ ಹೈಫಾ ಯಾಕೆ ಸೇರಿಸಬೇಕು?

ಪ್ರಶ್ನೆ: ನಮ್ಮ ಅಜ್ಜನಿಗೆ 88. ಗಟ್ಟಿಯಾಗಿದ್ದಾರೆ. ಸೈನ್ಯದ ಎಂಜಿನಿಯರಿಂಗ್ ಪಡೆಯಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, 1965, 1971 ಎರಡನ್ನೂ ನೋಡಿದವರು. ಅವರ ಮಾತನ್ನು ರೆಕಾರ್ಡ್ ಮಾಡಿ ಇಡೋಣ ಅಂದರೆ ‘ಎಲ್ಲ ಮರೆತೋಗಿದೆ’ ಅಂತ ಎದ್ದು ಹೋಗುತ್ತಾರೆ.
– ಮೊಮ್ಮಗ, ಬೇಲೂರು

ಉತ್ತರ: ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಇಲ್ಲಿಗೆ ಬರೆಯೋ ಬಹಳ ಜನ ತಿಥಿ ಹತ್ತಿರ ಬಂದ ಮೇಲೆ ಕೇಳುತ್ತಾರೆ.

ಅಜ್ಜ ಮರೆತಿಲ್ಲ. ನೀವು ಕೇಳೋ ರೀತಿ ಸರಿ ಇಲ್ಲ. ಮನೆ ಮಂದಿಯನ್ನೆಲ್ಲ ಸುತ್ತ ಕೂರಿಸಿ, ಮೂತಿಗೆ ಫೋನ್ ಹಿಡಿದು ‘ಯುದ್ಧದ ಬಗ್ಗೆ ಹೇಳಿ ಅಜ್ಜ’ ಅಂದರೆ ಯಾರಾದರೂ ಎದ್ದು ಹೋಗುತ್ತಾರೆ. ಅಲ್ಲಿ ಜೊತೆಯವರು ಸತ್ತಿರುತ್ತಾರೆ. ಅದನ್ನು ಕಾಫಿ ಕುಡೀತಾ ಹೇಳೋಕಾಗಲ್ಲ.

ಒಬ್ಬರೇ ಹೋಗಿ. ಅವರ ಕೈಗೆ ಏನಾದರೂ ಕೆಲಸ ಇರುವಾಗ ಹೋಗಿ, ಅಡಿಕೆ ಸುಲಿಯೋದೋ ಮೆಣಸು ಬಿಡಿಸೋದೋ. ಫೋನನ್ನು ಪಕ್ಕದಲ್ಲಿ ಇಡೋದನ್ನು ಅವರಿಗೆ ಹೇಳಿಯೇ ಇಡಿ, ಕಳ್ಳತನ ಬೇಡ. ಮೊದಲು ಸೈನ್ಯದ ನಂಬರು ಕೇಳಿ. ಹೆಂಡತಿಯ ಹೆಸರು ತಡವರಿಸಿದ ಹಿರಿಯರೂ ನಂಬರನ್ನು ಪಟಪಟ ಹೇಳಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಲಂಗರಿನ, ಅಂದರೆ ಸೈನ್ಯದ ಅಡುಗೆಮನೆಯ ಊಟ. ಮುದ್ದೆ ತಿಂದು ಬೆಳೆದ ಹುಡುಗನಿಗೆ ಮೊದಲ ದಿನ ಏನು ಬಡಿಸಿದರು, ಹಿಂದಿ ಬಾರದೆ ಏನೇನು ಫಜೀತಿ ಆಯ್ತು, ರಜಕ್ಕೆ ಬರುವಾಗ ಯಾವ ರೈಲು, ಬೇಲೂರಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ. ಇದೆಲ್ಲ ಒಂದೇ ದಿನ ಬೇಡ.

ಸ್ಯಾಪರ್ ಆಗಿದ್ದರೆ ಬೈಲಿ ಸೇತುವೆ ಕಟ್ಟಿಯೇ ಇರುತ್ತಾರೆ. ಕಬ್ಬಿಣದ ಪ್ಯಾನೆಲ್‌ಗಳನ್ನು ಪಿನ್ ಹಾಕಿ ಜೋಡಿಸುತ್ತಾ ಹೊಳೆಯ ಮೇಲೆ ತಳ್ಳಿಕೊಂಡು ಹೋಗೋ ಸೇತುವೆ ಅದು. ಒಂದು ಪ್ಯಾನೆಲ್ ಎತ್ತೋಕೆ ಆರು ಜನ ಬೇಕು. ಅಜ್ಜನ ಜೊತೆ ಎತ್ತುತ್ತಿದ್ದ ಉಳಿದ ಐದು ಜನ ಯಾರ್ಯಾರು, ಯಾವ ಊರಿನವರು ಅಂತ ಕೇಳಿ. ಹೆಸರು ಬರೆದುಕೊಳ್ಳೋಕೆ ಪೆನ್ನು ಇಟ್ಟುಕೊಂಡೇ ಕೂತಿರಿ, ತಮಿಳು, ಮಲಯಾಳಿ ಹೆಸರುಗಳು ಫೋನಿನಲ್ಲಿ ಸರಿಯಾಗಿ ಕೇಳಿಸಲ್ಲ.